ಕೆಂಪು ಬಾವಿಯ ಬೇಸಿಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಬೇಸಿಗೆಯಲ್ಲಿ ನಮ್ಮ ಬಾವಿಯ ನೀರನ್ನು ಕೆಂಪು ಮಾಡಿದವನು ನಾನೇ. ಬೇರೆ ಯಾರ ಮೇಲಾದರೂ ಹೊರಿಸೋಣವೆಂದರೆ ನನ್ನ ಎರಡು ಕೈಗಳೂ ಮೊಣಕೈವರೆಗೆ ಅದೇ ಬಣ್ಣದಲ್ಲಿದ್ದವು. ಒಂದು ಚಿಟಿಕೆ ಸಾಕಾಗುವ ಕಡೆ ಒಂದು ಡಬ್ಬಿ ಸುರಿದಿದ್ದೆ. ನಮ್ಮ ಹಸುವಿನ ಮೂತಿ ಎಲೆ ಅಡಿಕೆ ಹಾಕಿಕೊಂಡ ಅಜ್ಜಿಯ ಬಾಯಿಯಂತಾಯಿತು. ಅಪ್ಪನ ಬಿಳಿ ಪಂಚೆ ಒಂದೇ ಒಗೆತಕ್ಕೆ ಗುಲಾಬಿಯಾಯಿತು, ಅದನ್ನುಟ್ಟು ಅನ್ನೂರು ಸಂತೆಗೆ ಹೋದವನನ್ನು ಮಂಡಿಯವರು, "ಮದುವೆ ಯಾರಿಗೆ, ನಿಮಗೇವಾ?" ಎಂದು ಕೇಳಿದರಂತೆ. ಅಪ್ಪ ಮನೆಗೆ ಬಂದು ನನ್ನ ಮುಖ ನೋಡಿದ. ನಾನು ಹಸುವಿನ ಮುಖ ನೋಡಿದೆ.

ಇಷ್ಟು ಧೈರ್ಯವಾಗಿ ಇದನ್ನು ಬರೆಯುವುದಕ್ಕೆ ಕಾರಣವಿದೆ. ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಮಾತನಾಡುತ್ತಾರೆ, ಊರು ತಮಿಳುನಾಡಿನಲ್ಲಿರುವುದರಿಂದ ಒಬ್ಬರಿಗೂ ಕನ್ನಡ ಓದಲು ಬರುವುದಿಲ್ಲ. ನನಗೂ ಬರುತ್ತಿರಲಿಲ್ಲ. ತಿರುಪ್ಪೂರಿನ ಬಣ್ಣದ ಕಾರ್ಖಾನೆಯಲ್ಲಿ ನಾನು ಕೆಲಸಕ್ಕಿದ್ದಾಗ ಸ್ಟೋರು ನೋಡಿಕೊಳ್ಳುತ್ತಿದ್ದ ಮೈಸೂರು ಕಡೆಯವರೊಬ್ಬರು ಊಟದ ಬಿಡುವಿನಲ್ಲಿ ಅಕ್ಷರ ಕಲಿಸಿದರು. ಅವರು ಮಾತನಾಡುವುದನ್ನು ಅಣಕಿಸುತ್ತ ಅಣಕಿಸುತ್ತಲೇ ನಾನು ಬರೆಯುವುದನ್ನೂ ಕಲಿತೆ. ಹಾಗಾಗಿ ಇಲ್ಲಿನ ಬರವಣಿಗೆ ಅವರದು, ಮಾತು ನಮ್ಮದು.

ಅಣಕಿಸುವುದು ನನಗೆ ಹುಟ್ಟಿನಿಂದ ಬಂದ ಕಾಯಿಲೆ. ಟೌನ್ ಬಸ್ಸಿನ ಕಂಡಕ್ಟರ್, ಅಪ್ಪ ಗಂಟಲು ಸರಿಪಡಿಸಿಕೊಳ್ಳುವುದು, ವೋಲ್ಟೇಜು ಸಾಲದ ಮೋಟರು ಗೊಣಗುವುದು, ಎಲ್ಲ ಬರುತ್ತದೆ. ನನ್ನನ್ನೂ ಬಿಡುವುದಿಲ್ಲ. ತಿರುಪ್ಪೂರಿನಿಂದ ಹೊಸ ಪ್ಯಾಂಟು ತೊಟ್ಟು ಊರಿಗೆ ಬಂದ ದಿನ ನನ್ನ ನಡಿಗೆಯನ್ನು ನಾನೇ ಮಾಡಿ ತೋರಿಸಿ ಬೀದಿಯವರ ಕೆಲಸ ಉಳಿಸಿದ್ದೆ. ಕಳೆದ ವಾರ ಅನ್ನೂರು ಬಸ್ ಸ್ಟ್ಯಾಂಡಿನ ಎದುರು ಟೀ ಗ್ಲಾಸು ಹಿಡಿದು ಹೀಗೇ ಏನೋ ಮಾಡುತ್ತಿದ್ದೆ, ಸುತ್ತ ಜನ ನಗುತ್ತಿದ್ದರು. ಆಗ ಬಂಡೆ ಕೊರೆಯುವ ಕಂಪ್ರೆಸರ್ ಕಟ್ಟಿಕೊಂಡ ಒಂದು ಟ್ರ್ಯಾಕ್ಟರು ಮುಂದೆ ಹಾದುಹೋಯಿತು. ಡೀಸೆಲ್ಲಿನ ಹೊಗೆ, ಅದರೊಳಗೆ ಒದ್ದೆ ಬಂಡೆಯ ಪುಡಿಯ ವಾಸನೆ. ನನ್ನ ಬಾಯಿ ನಿಂತುಹೋಯಿತು. "ಏನ್ಲಾ, ಕರೆಂಟ್ ಹೋಯ್ತಾ?" ಎಂದ ಒಬ್ಬ. ಹೋಗಿತ್ತು. ನಾನು ಐದಾರು ವರ್ಷ ಹಿಂದಕ್ಕೆ ಹೋಗಿದ್ದೆ, ನಮ್ಮ ತೋಟಕ್ಕೆ.

ನಮ್ಮ ತೋಟ, ರಂಗಪ್ಪ ಮಾವನ ತೋಟ ಎರಡೂ ಅಕ್ಕಪಕ್ಕ. ನಡುವೆ ಕಿಳುವೆ ಗಿಡದ ಬೇಲಿ, ಬೇಲಿಯಲ್ಲಿ ಒಬ್ಬರು ನುಸುಳುವಷ್ಟು ಒಂದು ಸಂದು. ಮಾವನೆಂದರೆ ನಮ್ಮ ಅವ್ವನ ಸ್ವಂತ ಅಣ್ಣ; ಅಪ್ಪ ಅವರನ್ನು ಮಚ್ಚಾನ್ ಎಂದೂ ಅವರು ಅಪ್ಪನನ್ನು ಮಾಪ್ಳೆ ಎಂದೂ ತಮಿಳಿನಲ್ಲೇ ಕರೆಯುತ್ತಿದ್ದರು. ಅವರ ಮಗ ಮಲ್ಲೇಶನಿಗೇ ನನ್ನ ಅಕ್ಕ ಲಚ್ಚಿಯನ್ನು ಕೊಟ್ಟಿತ್ತು. ಅಕ್ಕ ಮದುವೆಯಾಗಿ ಹೋದದ್ದು ಬೇಲಿಯ ಸಂದಿನಲ್ಲಿ ನುಸುಳಿಕೊಂಡು ಎಂದು ನಾನು ತಮಾಷೆ ಮಾಡುತ್ತಿದ್ದೆ. ಬೆಳಿಗ್ಗೆ ನಮ್ಮ ಮನೆಯಲ್ಲಿ ಮೊಸರು ಕಡೆದರೆ ಮಜ್ಜಿಗೆ ಮಧ್ಯಾಹ್ನದೊಳಗೆ ಆ ಮನೆಯಲ್ಲಿರುತ್ತಿತ್ತು.

ಆ ಬೇಸಿಗೆಯಲ್ಲಿ ಅಕ್ಕನಿಗೆ ಏಳು ತಿಂಗಳಾಗಿತ್ತು. ಅದರ ಹಿಂದಿನ ವರ್ಷ ಒಂದು ಬಸಿರು ನಿಂತಿರಲಿಲ್ಲ. ಅದಾದ ಮೇಲೆ ಅಕ್ಕ ಮಾತು ಕಡಿಮೆ ಮಾಡಿದ್ದಳು. ಅತ್ತೆ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಆ ಮನೆಯಲ್ಲಿ ಅಕ್ಕನನ್ನು ಬಿಟ್ಟರೆ ಹೆಣ್ಣು ಎಂದು ಹೇಳಲು ಎಮ್ಮೆಯೊಂದೇ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂಬುದು ನಮ್ಮವರ ಪದ್ಧತಿ. ಆದರೆ ಅದಕ್ಕೂ ಒಂದು ಕಟ್ಟುಂಟು: ಬಳೆ ತೊಡಿಸಿದ ಮೇಲೆ ಗಂಡನ ಮನೆಯ ಹಿರಿಯರು ತಾವಾಗಿ, ಬಾಯಿ ತುಂಬ, "ಹೋಗಿ ಬಾ" ಎನ್ನಬೇಕು. ಅವರು ಹೇಳದೆ ಹೆಣ್ಣು ಹೊಸ್ತಿಲು ದಾಟುವಂತಿಲ್ಲ, ತವರಿನವರು ಕೈ ಹಿಡಿದು ಕರೆಯುವಂತಿಲ್ಲ. ಅಕ್ಕ ಅವ್ವನಿಗೆ ಒಂದೇ ಮಾತು ಹೇಳಿದ್ದಳು: "ಈ ಸಲ ನಿನ್ನ ಹತ್ರವೇ ಇರಾದು ಅವ್ವಾ. ನನಗೆ ಭಯ ಅದೆ."

ಅಷ್ಟರಲ್ಲಿ ಮಾವ ಸೈಡ್ ಬೋರು ಹಾಕಿಸಿದರು.

ನಮ್ಮ ಕಡೆ ಬಾವಿಯೆಂದರೆ ಬಂಡೆಯಲ್ಲಿ ಕಡಿದ ದೊಡ್ಡ ಚೌಕದ ಹೊಂಡ, ಒಂದು ಪಕ್ಕಕ್ಕೆ ಇಳಿಯುವ ಮೆಟ್ಟಿಲು. ನೀರು ಸಾಲದೆ ಬಂದಾಗ ಕೆಳಕ್ಕೆ ತೋಡುವುದೊಂದು ದಾರಿ. ಇನ್ನೊಂದು ದಾರಿ, ಬಾವಿಯೊಳಗೆ ಯಂತ್ರ ಇಳಿಸಿ, ಗೋಡೆಗೆ ಒತ್ತಿಟ್ಟು, ಕೊಳವೆಬಾವಿಯನ್ನು ಮಲಗಿಸಿದ ಹಾಗೆ ಅಡ್ಡಡ್ಡಲಾಗಿ ಬಂಡೆಯೊಳಕ್ಕೆ ತೂತು ಕೊರೆಯುವುದು. ಅದೃಷ್ಟವಿದ್ದರೆ ಆ ತೂತು ಬಂಡೆಯ ಬಿರುಕಿಗೆ ಹೋಗಿ ಸೇರುತ್ತದೆ, ಬಿರುಕಿನ ನೀರು ಬಾವಿಗೆ ಬಂದು ಬೀಳುತ್ತದೆ. ಮಾವನ ಬಾವಿಯಲ್ಲಿ ಎರಡು ಕಡೆ ಕೊರೆದರು, ಒಣ ಧೂಳು ಬಂತು. ಮೂರನೆಯದನ್ನು ನಮ್ಮ ಬೇಲಿಯ ದಿಕ್ಕಿಗೆ ತಿರುಗಿಸಿದರು. ಸಂಜೆಯ ಹೊತ್ತಿಗೆ ಕೊರೆಯುವ ಕಂಬಿಯನ್ನೇ ಹಿಂದಕ್ಕೆ ನೂಕಿಕೊಂಡು ನೀರು ಚಿಮ್ಮಿತು. ಕೆಳಗಿದ್ದ ಆಳು ಎದೆಗೆ ಪೆಟ್ಟು ತಿಂದು ಕುಳಿತುಬಿಟ್ಟ. ಮಾವ ಮೇಲೆ ನಿಂತು ಬೆಲ್ಲ ಹಂಚಿದರು. ನಾನೂ ತಿಂದೆ. ಎರಡು ಸಲ ಕೈ ನೀಡಿದೆ.

ವಾರ ಕಳೆಯಲಿಲ್ಲ, ನಮ್ಮ ಮೋಟರು ಬೆಳಗಿನ ಹೊತ್ತಿನಲ್ಲೇ ಗಾಳಿ ಎಳೆಯತೊಡಗಿತು. ಬದನೆ ಸಾಲಿಗೆ ಅರ್ಧ ನೀರು ಹೋಗುವುದರೊಳಗೆ ಪೈಪು ಕೆಮ್ಮುತ್ತಿತ್ತು. ಅಪ್ಪ ಬಾವಿಯ ದಂಡೆಯಲ್ಲಿ ನಿಂತು ಬೇಲಿಯ ಕಡೆ ನೋಡುತ್ತಿದ್ದ. ಬೇಲಿ ಇರುವುದು ಮೇಲೆ. ಬಂಡೆಯೊಳಗೆ ಆ ತೂತು ಎಲ್ಲಿಯವರೆಗೆ ಹೋಗಿದೆ, ಯಾರ ನೆಲದ ಕೆಳಗೆ ನಿಂತಿದೆ, ಕಂಡವರು ಯಾರು? ಅನುಮಾನ ನಮ್ಮ ಮನೆಯೊಳಗೇ ಇತ್ತು. ಅವ್ವನಿಗೆ ಅಣ್ಣ, ಅಪ್ಪನಿಗೆ ಬೀಗ. ಒಳಗೇ ಇಂಗಿಹೋಗುತ್ತಿತ್ತೋ ಏನೋ.

ನಾನಿದ್ದೆನಲ್ಲ. ರಜೆಗೆಂದು ಊರಿಗೆ ಬಂದಿದ್ದವನು ಒಂದು ಸಂಜೆ ಟೀ ಅಂಗಡಿಯ ಬೆಂಚಿನ ಮೇಲೆ ಮಾವನ ಹಾಗೆ ಮಗ್ಗುಲಾಗಿ ಮಲಗಿದೆ. ಮಾವ ಪ್ರತಿ ಮಾತಿಗೂ ಮುಂಚೆ ಮೂಗಿನಲ್ಲಿ "ಹ್ಞೂಂ" ಎನ್ನುತ್ತಾರೆ. ಹಾಗೇ ಎಂದು, ಬಾಯಿಗೆ ಒಂದು ಪಪ್ಪಾಯಿ ಎಲೆಯ ದಂಟು ಸಿಕ್ಕಿಸಿ, ಪಕ್ಕದವನ ಟೀ ಗ್ಲಾಸಿಗೆ ಅದನ್ನು ಇಳಿಸಿ, ಕಣ್ಣು ಮುಚ್ಚಿ ಹೀರಿದೆ. "ಹ್ಞೂಂ, ನಾನು ಕುಡೀತಾ ಇಲ್ಲಪ್ಪಾ, ಸುಮ್ಮನೆ ಮಲಗಿದೀನಿ." ಅಂಗಡಿ ಬಿದ್ದು ಬಿದ್ದು ನಕ್ಕಿತು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಕಣ್ಣು ಬಿಟ್ಟರೆ ಮಾವ ನಿಂತಿದ್ದರು.

"ಹ್ಞೂಂ," ಎಂದರು ಅವರು, ನಿಜವಾದದ್ದು. "ನಿಮ್ಮಪ್ಪ ಹೇಳಿಕೊಟ್ಟಾನಾ, ಇಲ್ಲ ನಿನ್ನದೇವಾ?"

"ನಂದೇ ಮಾವ. ಸುಮ್ಮನೆ..."

"ಸುಮ್ಮನೆ ಯಾರೂ ಯಾರನ್ನೂ ಕಳ್ಳ ಅನ್ನಲ್ಲ."

ಮಾರನೆಯ ಬೆಳಿಗ್ಗೆ ಬೇಲಿಯ ಸಂದಿಗೆ ಮುಳ್ಳು ಬಿದ್ದಿತ್ತು.

ಮುಳ್ಳು ಬಿದ್ದ ಮೇಲೆ ಅಪ್ಪನಿಗೂ ಬಾಯಿ ಬಂತು. ಊರ ಹಿರಿಯ ಕಾರಿಯಪ್ಪ ತಾತನನ್ನು ಕರೆದುಕೊಂಡು ಮಾವನ ಅಂಗಳಕ್ಕೆ ಹೋದ, ಹಿಂದೆ ನಾನು. ಅಕ್ಕ ಬಾಗಿಲ ಮರೆಯಲ್ಲಿದ್ದಳು, ಸೆರಗಿನ ಅಂಚು ಮಾತ್ರ ಕಾಣುತ್ತಿತ್ತು.

"ಮಚ್ಚಾನ್, ಆ ಬೋರು ಮುಚ್ಚಿಬಿಡಿ," ಎಂದ ಅಪ್ಪ. "ಅದು ನನ್ನ ನೀರು ಎಳೀತಾ ಅದೆ."

"ನಿನ್ನ ನೀರಿಗೆ ಹೆಸರು ಬರೆದದೆಯಾ ಮಾಪ್ಳೆ?"

"ಬರೆದರೆ ಒಪ್ಪುತೀರಾ?" ಎಂದೆ ನಾನು.

ಇಲ್ಲಿ ನನ್ನ ಬಾಯಿ ಎರಡನೆಯ ಸಲ ಕೆಲಸ ಮಾಡಿತು. ಬಣ್ಣದ ಕಾರ್ಖಾನೆಯಲ್ಲಿ ಎರಡು ವರ್ಷ ಕಳೆದವನು ನಾನು, ಬನಿಯನ್ ಬಟ್ಟೆಗೆ ಬಣ್ಣ ಹತ್ತಿಸುವುದು ಬಲ್ಲವನು, ಬಾವಿಗೆ ಹತ್ತಿಸಲಾರೆನೇ? ನಮ್ಮ ಬಾವಿಗೆ ಕೆಂಪು ಬಣ್ಣ ಹಾಕೋಣ, ಮಾವನ ಮೋಟರು ಓಡಿಸೋಣ, ಮಾವನ ತೊಟ್ಟಿಗೆ ಕೆಂಪು ಬಂದರೆ ನೀರು ನಮ್ಮದು, ಬರದಿದ್ದರೆ ಅಲ್ಲ. ನನಗೆ ಅದು ಬೆಳಕಿನಷ್ಟು ಸ್ಪಷ್ಟವಾಗಿತ್ತು. ಕಾರಿಯಪ್ಪ ತಾತನೂ ತಲೆಯಾಡಿಸಿದ.

ಮಾವ ಅಪ್ಪನ ಕಡೆ ತಿರುಗಿದರು.

"ಆಗಲಿ. ಬಣ್ಣ ನನ್ನ ತೊಟ್ಟಿಗೆ ಬಂದ್ರೆ ಬೋರಿಗೆ ನಾನೇ ಗೂಟ ಹೊಡೆದು ಸಿಮೆಂಟು ಮೆತ್ತುತೀನಿ. ಬರಲಿಲ್ಲ ಅಂದ್ರೆ, ಮಾಪ್ಳೆ, ನಿನ್ನ ಮಗಳು ನನ್ನ ಮನೇಲೇ ಹೆರುತಾಳೆ. ಕಳ್ಳನ ಮನೆಗೆ ಬಂದು ಬಳೆ ತೊಡಿಸಿ ಹೆಣ್ಣು ಕರಕೊಂಡು ಹೋಗಾದು ನಿಮಗೂ ಗೌರವ ಅಲ್ಲ."

ಅಪ್ಪ ಬೇಡ ಎನ್ನುತ್ತಾನೆಂದು ಕಾದೆ. "ಸರಿ" ಎಂದುಬಿಟ್ಟ. ಬಾಗಿಲ ಮರೆಯಿಂದ ಸೆರಗಿನ ಅಂಚು ಇಲ್ಲವಾಯಿತು.

ಮನೆಗೆ ಬಂದು ಹೇಳಿದಾಗ ಅವ್ವ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಿದಳು. "ಆ ಮನೇಲಿ ಬಿಸಿನೀರು ಕಾಸಿಕೊಡಾದಿಕ್ಕಾದ್ರೂ ಒಂದು ಹೆಣ್ಣದೆಯಾ? ನಿಮ್ಮ ನೀರಿಗೆ ನನ್ನ ಮಗಳನ್ನ ಪಂದ್ಯ ಕಟ್ಟಿದ್ರಾ?" ಎಂದಳು. ಅಪ್ಪ ಹೊರಗೆ ಹೋದ. ನಾನು ಅವಳನ್ನು ನಗಿಸಲೆಂದು ಕಾರಿಯಪ್ಪ ತಾತ ತಲೆಯಾಡಿಸುವುದನ್ನು ಮಾಡಿ ತೋರಿಸಿದೆ. ಅವ್ವ ನಗಲಿಲ್ಲ. ಆವತ್ತು ಮೊದಲ ಸಲ ಅಣಕು ಮಾಡಿ ನಾಚಿಕೆಪಟ್ಟೆ.

ತಿರುಪ್ಪೂರಿಗೆ ಹೋಗಿ ಬಣ್ಣ ತಂದೆ. ಡೈಯಿಂಗ್ ಮಾಸ್ಟರ್ ಕೊಡುವಾಗ, "ಒಂದು ಚಿಟಿಕೆ ಹಾಕಿದ್ರೆ ಒಂದು ತೊಟ್ಟಿ ಕೆಂಪಾಗುತ್ತೆ, ನೆನಪಿರಲಿ" ಎಂದಿದ್ದರು. ನೆನಪಿತ್ತು. ಆದರೆ ನಮ್ಮದು ತೊಟ್ಟಿಯಲ್ಲ, ಬಾವಿ. ಅದೂ ಅಕ್ಕನ ಹೆರಿಗೆ ನಿಂತಿದ್ದ ಬಾವಿ. ಕಡಿಮೆ ಬಿದ್ದು ಕಾಣದೆ ಹೋದರೆ? ಹಿಂದಿನ ದಿನ ಬೆಳಗಿನಿಂದಲೇ ಎರಡು ಮೋಟರೂ ನಿಲ್ಲಿಸಿದ್ದರು, ಎರಡು ಬಾವಿಯ ನೀರೂ ಅಲುಗದೆ ನಿಂತಿತ್ತು. ಗೊತ್ತುಮಾಡಿದ ಬೆಳಿಗ್ಗೆ ನಾನು ಮೆಟ್ಟಿಲಿಳಿದು, ಡಬ್ಬಿ ತೆಗೆದು, ಕಣ್ಣು ಮುಚ್ಚಿ ಪೂರ್ತಿ ಬೋರಲು ಹಾಕಿದೆ. ಉದ್ದನೆಯ ಗಳದಿಂದ ಕಲಕಿದೆ. ಕಣ್ಣು ಬಿಟ್ಟಾಗ ಬಾವಿ ಹೇಗಿತ್ತೆಂದರೆ, ಮೇಲೆ ನಿಂತಿದ್ದ ಜನ ಒಂದು ಹೆಜ್ಜೆ ಹಿಂದೆ ಸರಿದರು.

"ಕುಡಿಯಾದಿಕ್ಕೆ ನೀರು?" ಎಂದ ಅಪ್ಪ ಮೇಲಿನಿಂದ, ತಣ್ಣಗೆ.

ಅದನ್ನು ನಾನು ಯೋಚಿಸಿರಲಿಲ್ಲ. ಹತ್ತಿರದಲ್ಲಿ ಬೇರೆ ಕುಡಿಯುವ ನೀರಿದ್ದದ್ದು ಮಾವನ ಬಾವಿಯಲ್ಲಿ ಮಾತ್ರ.

ಎಲ್ಲರೂ ಗಾಡಿ ದಾರಿಯಲ್ಲಿ ಸುತ್ತಿಕೊಂಡು ಮಾವನ ತೋಟಕ್ಕೆ ಹೋದೆವು. ಅವ್ವ ಬರಲಿಲ್ಲ; ನಮ್ಮ ಬಾವಿಯ ಮೆಟ್ಟಿಲ ಮೇಲೆ ಕುಳಿತಳು. ಮಲ್ಲೇಶ ಭಾವ ಮೋಟರು ಹಾಕಿದರು. ಪೈಪು ಒಂದು ಸಲ ಬಿಕ್ಕಿ, ತೊಟ್ಟಿಗೆ ನೀರು ಬಿತ್ತು. ಸುತ್ತ ನಿಂತವರೆಲ್ಲ ಬಗ್ಗಿದರು. ತಿಳಿ ನೀರು. ತೊಟ್ಟಿಯ ತಳದ ಪಾಚಿ ಕಾಣುವಷ್ಟು ತಿಳಿ.

ಕಾದೆವು. ಬಿಸಿಲು ಏರಿತು. ತೊಟ್ಟಿಯಿಂದ ಬಾಳೆಯ ಸಾಲಿಗೆ, ಸಾಲಿನಿಂದ ಸಾಲಿಗೆ ನೀರು ಹೋಗುತ್ತಲೇ ಇತ್ತು. ಪ್ರತಿ ಬಾರಿ ಒಂದು ಒಣಗಿದ ಬಾಳೆ ತರಗು ತೇಲಿಬಂದಾಗಲೂ ಕೆಂಪೆಂದುಕೊಂಡು ಬಗ್ಗುತ್ತಿದ್ದೆ. ಯಾರೋ, "ಮಾದಾ, ಏನಾದ್ರೂ ಮಾಡಿ ತೋರ್ಸೋ, ನಿಂತು ನಿಂತು ಕಾಲು ನೋಯ್ತದೆ" ಎಂದರು. ನಾನು ಪೈಪಿನ ಬಾಯಿಂದ ಕಣ್ಣು ಕೀಳಲಿಲ್ಲ. ಮಾವ ತೊಟ್ಟಿಯ ಕಟ್ಟೆಯ ಮೇಲೆ ಕುಳಿತು ಕಾಲು ತೊಳೆದುಕೊಂಡರು, ಮುಖ ತೊಳೆದುಕೊಂಡರು, ಬೊಗಸೆ ಹಿಡಿದು ಕುಡಿದರು. ಕುಡಿದು ನನ್ನ ಕಡೆ ನೋಡಿದರು. ಅಕ್ಕ ಮನೆಯ ಜಗುಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ಅವಳು ತೊಟ್ಟಿಯನ್ನು ನೋಡುತ್ತಿರಲಿಲ್ಲ. ಅಪ್ಪನನ್ನು ನೋಡುತ್ತಿದ್ದಳು.

ಹೊತ್ತು ನೆತ್ತಿಗೆ ಬಂದಾಗ ಕಾರಿಯಪ್ಪ ತಾತ ತೊಟ್ಟಿಗೆ ಕೈ ಅದ್ದಿ ಮೇಲೆತ್ತಿ ಎಲ್ಲರಿಗೂ ತೋರಿಸಿದ. ಕನ್ನಡ ಬಾರದವರೂ ಇದ್ದುದರಿಂದ ತಮಿಳಿನಲ್ಲಿ ಹೇಳಿದ: "ತಣ್ಣಿ ತೆಳಿವಾ ಇರುಕ್ಕುದುಂಗ." ನೀರು ತಿಳಿಯಾಗಿದೆ. ಅಷ್ಟೇ. ತೀರ್ಪು ಆಯಿತು.

ಮಾವ ಎದ್ದರು. ಆಗ ಬೇಲಿಯಾಚೆಯಿಂದ ಅವ್ವನ ಕೂಗು ಕೇಳಿಸಿತು.

"ಇಲ್ಲಿ ಇಳೀತಾ ಅದೆ! ಎಲ್ರೂ ಅಲ್ಲಿ ಏನು ನೋಡ್ತಾ ಇದೀರಿ? ಇಲ್ಲಿ ಬಂದು ನೋಡಿ!"

ಮತ್ತೆ ಗಾಡಿ ದಾರಿಯಲ್ಲಿ ಓಡಿದೆವು. ನಮ್ಮ ಬಾವಿಯೊಳಕ್ಕೆ ಬಗ್ಗಿ ನೋಡಿದರೆ, ಕೆಂಪು ನೀರಿನ ಮೇಲುಗಡೆ, ಬಂಡೆಯ ನಾಲ್ಕು ಗೋಡೆಗೂ, ಸೀರೆಗೆ ಅಂಚು ಹಚ್ಚಿದ ಹಾಗೆ ಕೆಂಪು ಪಟ್ಟೆ. ಬೆಳಿಗ್ಗೆ ನೀರು ನಿಂತಿದ್ದ ಮಟ್ಟದಲ್ಲಿ ಬಣ್ಣ ಬಂಡೆಗೆ ಹತ್ತಿತ್ತು. ನೀರು ಅಲ್ಲಿಂದ ಒಂದು ಮೆಟ್ಟಿಲು ಪೂರ್ತಿ ಕೆಳಗೆ ಹೋಗಿತ್ತು. ನಮ್ಮ ಮೋಟರು ಹಿಂದಿನ ದಿನದಿಂದ ತಿರುಗಿಯೇ ಇಲ್ಲ. ಓಡುತ್ತಿದ್ದದ್ದು ಮಾವನದೊಂದೇ.

ಬಣ್ಣ ಅಲ್ಲಿಗೆ ಹೋಗಿಲ್ಲ, ನೀರು ಮಾತ್ರ ಇಲ್ಲಿ ಇಳಿದಿದೆ. ಜನ ಅಲ್ಲೇ ಎರಡು ಪಾಲಾದರು. ಕೆಲವರು ಬಣ್ಣದ ಕಡೆ, ಕೆಲವರು ಪಟ್ಟೆಯ ಕಡೆ.

ಇದು ಹೇಗೆಂದು ನನಗೆ ಅರ್ಥವಾದದ್ದು ಎಷ್ಟೋ ಕಾಲದ ಮೇಲೆ. ನನ್ನ ಜೊತೆ ಹೈಸ್ಕೂಲು ಓದಿದ ಸುಬ್ಬು ಈಗ ಎಣ್ಣೆ ಬಾವಿ ಕೊರೆಯುವ ಕಡೆ ಕೆಲಸಕ್ಕಿದ್ದಾನೆ. ಹೊರದೇಶದಲ್ಲಿ ಎಣ್ಣೆ ಬಾವಿಯನ್ನೂ ಈಗ ನೇರ ಇಳಿಸಿ ಆಮೇಲೆ ಅಡ್ಡಕ್ಕೆ ತಿರುಗಿಸಿ ಬಂಡೆಯೊಳಗೆ ಮಲಗಿಸುತ್ತಿದ್ದಾರಂತೆ. ಮಾವನನ್ನು ಕಳಿಸಬಹುದಾಗಿತ್ತು ಎಂದೆ. ಅಲ್ಲಿ ಒಂದು ಬಾವಿ ಇನ್ನೊಂದರ ಎಣ್ಣೆ ಎಳೆಯುತ್ತದೋ ಎಂದು ನೋಡಲು ಎಣ್ಣೆಗೆ ಕಾಯುವುದಿಲ್ಲವಂತೆ, ಒತ್ತಡ ನೋಡುತ್ತಾರಂತೆ. ಒಂದು ಕಡೆ ಎಳೆದರೆ ಒತ್ತಡ ಕುಸಿದ ಸುದ್ದಿ ಬಿರುಕಿನ ಉದ್ದಕ್ಕೂ ಬೇಗ ಮುಟ್ಟಿಬಿಡುತ್ತದೆ. ಎಣ್ಣೆಯೋ ನೀರೋ ಹಿಂದಿನಿಂದ ತೆವಳಿಕೊಂಡು ಬರುತ್ತದೆ. ಸುದ್ದಿ ಬಸ್ಸಿನಲ್ಲಿ, ನೀರು ಕಾಲ್ನಡಿಗೆಯಲ್ಲಿ. ನಾವು ಇಡೀ ಊರು ಬಸ್ ಸ್ಟ್ಯಾಂಡು ಬಿಟ್ಟು ಕಾಲ್ನಡಿಗೆಯವನಿಗಾಗಿ ಕಾದು ನಿಂತಿದ್ದೆವು. ಕೆಂಪು ಬಂತು, ಬಾರದೆ ಇರಲಿಲ್ಲ: ಮಳೆ ಹಿಡಿಯುವ ಮುಂಚೆ ಒಂದು ಬೆಳಿಗ್ಗೆ ಮಾವನ ತೊಟ್ಟಿಯ ನೀರು ರೋಜಾ ಹಾಲಿನಂತಿತ್ತು. ಆವತ್ತು ಅದನ್ನು ಕೇಳುವವರಿರಲಿಲ್ಲ.

ಆದರೆ ಆ ಮಧ್ಯಾಹ್ನ ಬಾವಿಯ ದಂಡೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ.

"ಬಿಸಿಲಿಗೆ ಆರಿರಬೇಕು," ಎಂದರು ಮಾವ.

"ಒಂದು ಮೆಟ್ಟಿಲು ಆರುತ್ತಾ ಮಚ್ಚಾನ್? ನಿಮ್ಮ ಮೋಟರು ನಿಲ್ಲಿಸಿ. ನೀರು ಮೇಲಕ್ಕೆ ಬರುತ್ತೋ ಇಲ್ವೋ ನೋಡಾಣ."

"ಒಪ್ಪಿಕೊಂಡಿದ್ದು ಬಣ್ಣಕ್ಕೆ. ನಿಲ್ಲಿಸಾದಿಕ್ಕಲ್ಲ."

"ಭಯವಾ?"

"ಯಾರಿಗ್ಲಾ ಭಯ?"

ನಾನು ಕಾಯಲಿಲ್ಲ. ಮಾವನ ಮೋಟರ್ ರೂಮಿನ ಕಡೆ ಓಡಿದೆ, ಸ್ವಿಚ್ಚು ಇಳಿಸಿಬಿಡೋಣವೆಂದು. ಭಾವ ನನಗಿಂತ ಮೊದಲು ಅಲ್ಲಿದ್ದರು, ಬಾಗಿಲಿಗೆ ಅಡ್ಡವಾಗಿ. "ಬೇಡ ಮಾದಾ," ಎಂದರು. ನಾನು ನೂಕಿದೆ. ಅವರು ನನ್ನ ಕಾಲರು ಹಿಡಿದರು, ನಾನು ಅವರ ಎದೆ ಹಿಡಿದೆ. ಬಿಡಿಸಿಕೊಂಡಾಗ ಅವರ ಬಿಳಿ ಅಂಗಿಯ ಮೇಲೆ, ಬೆವರಿಗೆ ಕಲಸಿಕೊಂಡು, ನನ್ನ ಐದು ಬೆರಳೂ ಕೆಂಪಗೆ ಇಳಿಯುತ್ತಿದ್ದವು.

ಹಿಂದಿನಿಂದ ಬಂದವರಿಗೆ ಕಂಡದ್ದು ಅಂಗಿ ಮಾತ್ರ. "ರತ್ತಂ! ರತ್ತಂ!" ಎಂದು ಯಾರೋ ತಮಿಳಿನಲ್ಲಿ ಕಿರುಚಿದರು. ಮಾವನ ಕಡೆಯ ಇಬ್ಬರು ಸನಿಕೆ ಎತ್ತಿಕೊಂಡರು. ನಮ್ಮ ಕಡೆಯವನೊಬ್ಬ ಬೇಲಿಯ ಗೂಟ ಕಿತ್ತ. ಭಾವ ಎರಡು ಕೈ ಮೇಲೆತ್ತಿ, "ಏನೂ ಆಗಿಲ್ಲ, ಬಣ್ಣ, ಬಣ್ಣ!" ಎಂದು ಕೂಗುತ್ತಿದ್ದರು, ಮೋಟರಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು? ನಾನು ಬಾಯಿ ತೆರೆದೆ. ಊರಿನ ಎಲ್ಲರ ದನಿಯೂ ಬರುವ ನನಗೆ ನನ್ನದೇ ದನಿ ಬರಲಿಲ್ಲ.

ಕರೆಂಟು ಹೋಯಿತು.

ಆ ಕಾಲದಲ್ಲಿ ದಿನವೂ ಹೋಗುತ್ತಿತ್ತು, ಬೈಯುತ್ತಿದ್ದೆವು. ಆವತ್ತು ಮೋಟರು ಉಸಿರೆಳೆದು ನಿಂತಾಗ ಆದ ಸದ್ದಿಲ್ಲದ ಸದ್ದಿಗೆ ಸನಿಕೆ ಎತ್ತಿದವನ ಕೈಯೂ ಅಲ್ಲೇ ನಿಂತಿತು. "ಬಣ್ಣ ಕಣ್ರೋ," ಎಂದರು ಭಾವ, ಈಗ ಮೆಲ್ಲಗೆ. ಯಾರೋ ಒಬ್ಬರು ನಕ್ಕರು, ಮುಂದುವರಿಸಲಿಲ್ಲ. ಆಮೇಲೆ ಯಾರೂ ಯಾರಿಗೂ ಹೇಳದೆ ಎಲ್ಲರೂ ನಮ್ಮ ಬಾವಿಯ ಕಡೆ ನಡೆದರು. ಮಾವನೂ ಬಂದರು.

ನಮ್ಮ ನೀರು ಏರುತ್ತಿತ್ತು. ಮೊದಲು ನೋಡನೋಡುತ್ತಿದ್ದಂತೆ, ಪಟ್ಟೆಯ ಕೆಳ ಅಂಚನ್ನು ನೆಕ್ಕುತ್ತ, ನೆಕ್ಕುತ್ತ. ಅರ್ಧಕ್ಕೆ ಬಂದ ಮೇಲೆ ನಿಧಾನವಾಯಿತು, ಯೋಚನೆಗೆ ಬಿದ್ದವರ ಹಾಗೆ. ಅವ್ವ ಕೊನೆಯ ಮೆಟ್ಟಿಲಲ್ಲಿ ಕುಳಿತಿದ್ದಳು, ಪಾದ ಎತ್ತಿ ಒಂದು ಮೆಟ್ಟಿಲು ಮೇಲಕ್ಕೆ ಸರಿದಳು. ಮಾತು ಬೇಕಾಗಿರಲಿಲ್ಲ. ಎರಡು ಬಾವಿಗೂ ಒಂದೇ ಬಿರುಕು.

"ಆಯ್ತಲ್ಲ," ಎಂದ ಅಪ್ಪ. "ಮುಚ್ಚಿ."

ಮಾವ ಬಗ್ಗಿ ನೀರನ್ನೇ ನೋಡುತ್ತಿದ್ದರು. ತಲೆ ಎತ್ತಿದಾಗ ಅವರ ಕಣ್ಣು ಬೇರೆಯಾಗಿತ್ತು. "ಹ್ಞೂಂ. ನಾನು ಓಡಿಸಿದ್ರೆ ನಿಂದು ಇಳೀತದೆ. ಸರಿ. ಹಂಗಾದ್ರೆ ನೀನು ಓಡಿಸಿದಾಗ? ನನ್ನ ಬಾವಿ ತಳ ಕಂಡು ಎಷ್ಟು ವರ್ಷ ಆಯ್ತು ಮಾಪ್ಳೆ? ಮಳೆ ಸಾಲದು ಅಂತ ನಾನು ದೇವರನ್ನ ಬೈತಿದ್ದೆ. ನೀನೇ ಕುಡೀತಿದ್ದೆ. ಮೊದಲು ನಿನ್ನ ಬಾವಿ ಮುಚ್ಚು!"

ನಾವು ಯಾರೂ ಈ ಮಾತಿಗೆ ಸಿದ್ಧರಾಗಿರಲಿಲ್ಲ. ಅಪ್ಪ ಮೂಲೆಯಲ್ಲಿದ್ದ ಹಾರೆ ಕೈಗೆತ್ತಿಕೊಂಡ. ತಾನೇ ಇಳಿದು ಬೋರಿಗೆ ಗೂಟ ಹೊಡೆದು ಬರುತ್ತೇನೆ, ತಡೆಯುವವರು ತಡೆಯಲಿ ಎಂದ. ಕಾರಿಯಪ್ಪ ತಾತ, "ಪೇಸಾದೀಂಗ, ಯಾರೂ ಪೇಸಾದೀಂಗ" ಎಂದು ಎಲ್ಲರ ಬಾಯಿ ಮುಚ್ಚಿಸಲು ನೋಡಿದ.

"ಇಳಿ," ಎಂದರು ಮಾವ. "ಆದರೆ ಒಂದು ಮಾತು. ನನ್ನ ತೊಟ್ಟಿಗೆ ಬಣ್ಣ ಬರಲಿಲ್ಲ. ಕೊಟ್ಟ ಮಾತು ಕೊಟ್ಟಿದ್ದೇ. ಲಚ್ಚಿ ಎಲ್ಲಿಗೂ ಬರಲ್ಲ."

ಅವ್ವ ಮೆಟ್ಟಿಲ ಮೇಲೆ ಎದ್ದು ನಿಂತಳು. ಒಂದು ಕಡೆ ಅಣ್ಣ, ಒಂದು ಕಡೆ ಗಂಡ. ಕೆಳಗೆ ಕೆಂಪು ನೀರು.

ಬೇಲಿಯ ಸಂದಿನಲ್ಲಿ ಮುಳ್ಳು ಅಲುಗಿತು.

ಮೊದಲು ಒಂದು ಕೊಂಬೆ ಪಕ್ಕಕ್ಕೆ ಬಿತ್ತು, ಆಮೇಲೆ ಇನ್ನೊಂದು. ಅಕ್ಕ ಗುದ್ದಲಿಯ ಕಾವಿನಿಂದ ಮುಳ್ಳನ್ನು ಎಳೆದೆಳೆದು ಹಾಕುತ್ತಿದ್ದಳು. ಹೊಟ್ಟೆಗೆ ಒಂದು ಕೈ ಅಡ್ಡ. ಭಾವ ಓಡಿಹೋಗಿ ಉಳಿದದ್ದನ್ನು ಬರಿಗೈಯಲ್ಲಿ ಕಿತ್ತರು, ತಮ್ಮ ಅಪ್ಪನ ಕಣ್ಣೆದುರಿಗೇ. ಈಗ ಅವರ ಅಂಗಿಗೆ ನಿಜವಾದ ರಕ್ತವೂ ಹತ್ತಿತು. ಅಕ್ಕ ಸಂದಿನಲ್ಲಿ ಮಗ್ಗುಲಾಗಿ ನುಸುಳಿ ಬಂದಳು, ಆ ಹೊಟ್ಟೆ ಹೊತ್ತುಕೊಂಡು. ಯಾರೂ ನಗಲಿಲ್ಲ. ಬಂದವಳು ಬಾವಿಯ ದಂಡೆಯಲ್ಲಿ, ಹಾರೆ ಹಿಡಿದ ಅಪ್ಪನಿಗೂ ಕೈ ಕಟ್ಟಿ ನಿಂತ ಮಾವನಿಗೂ ನಡುವೆ ನಿಂತಳು. ಉಸಿರು ತೆಗೆದುಕೊಂಡಳು. ಇಬ್ಬರನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು.

ಅವಳು ಆಡಿದ್ದು ಒಂದೇ ಉಸಿರಿನ ಮಾತು. ಅದಾದ ಮೇಲೆ ಅಪ್ಪ ಹಾರೆಯನ್ನು ಗೋಡೆಗೆ ಒರಗಿಸಿದ. ಮಾವ "ಹ್ಞೂಂ" ಕೂಡ ಇಲ್ಲದೆ, "ಹೋಗಿ ಬಾ ತಾಯಿ" ಎಂದರು. ಬಳೆ ಶಾಸ್ತ್ರಕ್ಕೆ ಅವರೇ ಮುಂದೆ ನಿಂತರು. ಬೋರಿಗೆ ಯಾರೂ ಗೂಟ ಹೊಡೆಯಲಿಲ್ಲ. ಒಂದು ದಿನ ಆ ಮೋಟರು, ಒಂದು ದಿನ ಈ ಮೋಟರು ಎಂದಾಯಿತು, ಇವತ್ತಿಗೂ ಹಾಗೇ ನಡೆದಿದೆ. ನಮ್ಮ ನೀರು ತಿಳಿಯಾಗುವವರೆಗೆ ಕುಡಿಯುವ ನೀರಿನ ಕೊಡಗಳು ಆ ಸಂದಿನಲ್ಲೇ ಬಂದವು, ಹೊತ್ತು ತಂದವರು ಭಾವ.

ಊರಿನ ಎಲ್ಲರನ್ನೂ ಅಣಕಿಸಿದ್ದೇನೆ, ಅಕ್ಕನ ಆ ಮಾತನ್ನು ಮಾತ್ರ ಮಾಡಿ ತೋರಿಸು ಎಂದು ಎಷ್ಟು ಜನ ಕೇಳಿದರೂ ನನ್ನಿಂದ ಆಗಿಲ್ಲ. ಇದ್ದಂತೆ ಬರೆಯಬಲ್ಲೆ, ಅಷ್ಟೇ.

"ಮಾದಾ, ಡಬ್ಬೀಲಿ ಬಣ್ಣ ಮಿಕ್ಕಿದ್ರೆ ಎತ್ಕೊಂಡು ಬಾ, ನನ್ನ ಹೊಟ್ಟೆಗೂ ಹಾಕು. ಒಳಗಿರಾದು ಅಪ್ಪನ ಬಾವಿ ನೀರು ಕುಡೀತಾ ಅದೋ, ಮಾವನ ಬಾವಿ ನೀರು ಕುಡೀತಾ ಅದೋ, ಇವರಿಬ್ರೂ ನಿಂತು ನೋಡ್ತಾ ಇರ್ಲಿ. ನಾನು ಅವ್ವನ ಹತ್ರ ಹೋಗಿ ಮಲಗ್ತೀನಿ."